ಶೆಲ್ಫ್ ಕೇರ್

ಪೋಷಕರ ಸಭೆಯಲ್ಲಿ ಬಾಯಿ ಬಿಡದೆ ಕೂತವರ ಕೊರಳಿಗೇ ಕೆಲಸ ಬೀಳುತ್ತದೆ ಎಂಬುದು ನನಗೆ ಮೊದಲೇ ಗೊತ್ತಿರಬೇಕಿತ್ತು. ಮಾತಾಡುವವರೆಲ್ಲ ಮಾತಾಡಿ ದಣಿದ ಮೇಲೆ ಯಾರೋ "ಹಾಗಾದ್ರೆ ಚಿತ್ರಕಲಾ ಸ್ಪರ್ಧೆ ಮೇಡಂ ನೋಡ್ಕೋತಾರೆ" ಎಂದರು. ಯಾವ ಮೇಡಂ ಎಂದು ಹಿಂದೆ ತಿರುಗಿ ನೋಡಿದೆ. ಹಿಂದೆ ಗೋಡೆ ಇತ್ತು.

ಸ್ಪರ್ಧೆಯ ವಿಷಯ ಸೆಲ್ಫ್ ಕೇರ್. ಕನ್ನಡದಲ್ಲಿ 'ಸ್ವಯಂ ಆರೈಕೆ' ಎನ್ನಬಹುದಿತ್ತು. ಆದರೆ ಅದು ಜ್ವರ ಬಂದವಳು ತನ್ನ ಹಣೆಗೆ ತಾನೇ ಒದ್ದೆ ಬಟ್ಟೆ ಹಾಕಿಕೊಂಡಂತೆ ಕೇಳುತ್ತದೆ. ಹಾಗಾಗಿ ಇಂಗ್ಲಿಷ್ ಪದವನ್ನೇ ಕನ್ನಡದಲ್ಲಿ ಬರೆಯೋಣ ಎಂದುಕೊಂಡೆ. ದಿನಾಂಕ ಹುಡುಕುವಾಗ ಜುಲೈ 24 ಅಂತಾರಾಷ್ಟ್ರೀಯ ಸೆಲ್ಫ್ ಕೇರ್ ದಿನ ಎಂದು ತಿಳಿಯಿತು. 24ನೇ ತಾರೀಖು, 7ನೇ ತಿಂಗಳು. ಅಂದರೆ ದಿನದ 24 ಗಂಟೆಯೂ ವಾರದ 7 ದಿನವೂ ನಿಮ್ಮನ್ನು ನೀವು ನೋಡಿಕೊಳ್ಳಿ ಎಂದು ಅರ್ಥವಂತೆ. ನನಗೆ ಬಹಳ ಹಿಡಿಸಿತು. ಆ ಪ್ರಕಟಣೆಯನ್ನು ಬರೆದು ಮುಗಿಸಿದಾಗ ರಾತ್ರಿ ಒಂದೂಮುಕ್ಕಾಲು. ಅದರ ಮೂರನೇ ಸಾಲಿನಲ್ಲಿ 'ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು' ಎಂದು ನಾನೇ ಬರೆದಿದ್ದೆ. ಅವರ ಅಮ್ಮಂದಿರಿಗೆ ಎಷ್ಟು ಬೇಕು ಎಂದು ಹುಡುಕುವಷ್ಟು ಎಚ್ಚರ ಉಳಿದಿರಲಿಲ್ಲ.

ಪೋಷಕರಿಗೆಲ್ಲ ಫೋನಿನಲ್ಲಿ ಕಳಿಸಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ವಿಷಯದ ಸಾಲಿನಲ್ಲಿ 'ಶೆಲ್ಫ್ ಕೇರ್' ಎಂದಿದೆ. ನನ್ನ ಬೆರಳು ಒತ್ತಿದ್ದು 'ಸ'. ಫೋನು ನನಗಿಂತ ಬುದ್ಧಿವಂತ, ಅದನ್ನು 'ಶ' ಮಾಡಿ ತಿದ್ದಿತ್ತು. ಆಗಲೇ ನಲವತ್ತಮೂರು ಜನ ಹೆಬ್ಬೆರಳು ಎತ್ತಿ ಒಪ್ಪಿಗೆ ಕೊಟ್ಟಿದ್ದರು. ಒಬ್ಬರೂ ಇದೇನು ಎಂದು ಕೇಳಿರಲಿಲ್ಲ. ತಕ್ಷಣ ಅಳಿಸಿ ಸರಿಯಾದದ್ದನ್ನು ಹಾಕಿದೆ. ಮೊದಲನೆಯದನ್ನು ಓದಿದವರು ಎರಡನೆಯದನ್ನು ಓದಲಿಲ್ಲ; ಮೊದಲನೆಯದನ್ನು ಓದದವರು ಎರಡನ್ನೂ ಓದಲಿಲ್ಲ.

ಅರವತ್ತೆರಡು ಚಿತ್ರ ಬಂದವು. ಎ3 ಹಾಳೆ, ಅಂದರೆ 297 ಮಿಲಿಮೀಟರ್ ಅಗಲ, 420 ಉದ್ದ ಎಂದು ಪ್ರಕಟಣೆಯಲ್ಲಿ ಬಿಡಿಸಿ ಬರೆದಿದ್ದೆ. ಕೆಲವರು ಎರಡು ಎ4 ಅಂಟಿಸಿ ತಂದಿದ್ದರು. ಲೆಕ್ಕ ಸರಿಯೇ, ನಡುವೆ ಒಂದು ಗಡಿರೇಖೆ ಬಂದಿತ್ತು ಅಷ್ಟೇ. ಇಪ್ಪತ್ತೇಳು ಚಿತ್ರಗಳಲ್ಲಿ ಬೆಟ್ಟ, ಬೆಟ್ಟದ ಹಿಂದೆ ಸೂರ್ಯ, ಮುಂದೆ ಕಣ್ಣುಮುಚ್ಚಿ ಚಕ್ಕಳಮಕ್ಕಳ ಹಾಕಿ ಕೂತ ಮಗು. ಅಷ್ಟು ಮಕ್ಕಳು ಅಷ್ಟು ಹೊತ್ತು ಸುಮ್ಮನೆ ಕೂತಿದ್ದನ್ನು ನಾನು ಚಿತ್ರದಲ್ಲಿ ಮಾತ್ರ ನೋಡಿದ್ದೇನೆ. ನನ್ನ ಮನಸ್ಸು ಗೆದ್ದಿದ್ದು ಕಾಲುಗುರು ಕತ್ತರಿಸಿಕೊಳ್ಳುವ ಒಬ್ಬ ಹುಡುಗನ ಚಿತ್ರ. ನಾಲಿಗೆ ಹೊರಗೆ, ಹುಬ್ಬು ಗಂಟು, ತುಂಡಾದ ಒಂದು ಉಗುರು ಅಂಚಿನ ಗೆರೆಯನ್ನೂ ದಾಟಿ ಹಾರುತ್ತಿತ್ತು.

ಆಮೇಲೆ ಒಂದು ಶೆಲ್ಫ್ ಬಂತು. ಅಚ್ಚುಕಟ್ಟಾಗಿ ಜೋಡಿಸಿದ ಪುಸ್ತಕ, ಪಕ್ಕದಲ್ಲಿ ಒರೆಸುವ ಬಟ್ಟೆ. ಏನೋ ರೂಪಕ ಇರಬೇಕು ಎಂದುಕೊಂಡೆ. ಎರಡನೆಯ ಶೆಲ್ಫ್ ಬಂದಾಗ ಕಾಕತಾಳೀಯ ಎಂದುಕೊಂಡೆ. ಮೂರನೆಯದಕ್ಕೆ ಬೆವರಿದೆ. ಒಟ್ಟು ಒಂಬತ್ತು. ಒಂದರಲ್ಲಂತೂ ಗೆದ್ದಲು ಹಿಡಿದ ಭಾಗವನ್ನು ಭೂತಗನ್ನಡಿಯಲ್ಲಿ ದೊಡ್ಡದು ಮಾಡಿ ತೋರಿಸಿದ್ದರು.

ಐದನೇ ತರಗತಿಯ ಹುಡುಗನೊಬ್ಬನನ್ನು ಮೆಲ್ಲಗೆ ಕೇಳಿದೆ, "ಪುಟ್ಟಾ, ಇದೇನಿದು?"

"ಶೆಲ್ಫ್ ಆಂಟಿ."

"ಇದರಲ್ಲಿ ನೀನೆಲ್ಲಿದ್ದೀಯ?"

"ನಾನಿಲ್ಲ. ಒರೆಸಿ ಆಯ್ತಲ್ಲ, ಆಡೋಕೆ ಹೋಗಿದೀನಿ."

ಅವನ ಅಮ್ಮನಿಗೆ ಅಷ್ಟರಲ್ಲಿ ನಿಜವಾದ ವಿಷಯ ತಿಳಿದಿತ್ತು. "ಒಂದು ಸಾಲು ನೆಟ್ಟಗೆ ಓದೋಕೆ ಬರಲ್ವಾ ನಿಂಗೆ" ಎಂದು ನನ್ನೆದುರೇ ಗದರಿದರು. ಅವನು "ಅದರಲ್ಲಿ ಹಾಗೇ ಇತ್ತಮ್ಮ" ಎಂದ. ಸತ್ಯ ಹೇಳಬೇಕಾದವಳು ನಾನು, ಆದರೆ ಆಗ ನನಗೆ ಪಿನ್ನುಗಳನ್ನು ಎಣಿಸುವ ತುರ್ತು ಕೆಲಸ ನೆನಪಾಯಿತು.

ಇನ್ನೊಂದು ಅನಾಹುತ ಕಾಗದದ್ದು. ಜಲವರ್ಣಕ್ಕೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದ ಒಳ್ಳೆಯದು. ಮಕ್ಕಳು ಬಳಸಿದ್ದು ಪ್ರಿಂಟರಿಗೆ ಹಾಕುವ 80 ಗ್ರಾಂನದು. ನೀರು ಕುಡಿದ ಕಡೆ ನಾರು ಉಬ್ಬಿ, ಹಾಳೆಯೆಲ್ಲ ಅಲೆ ಎದ್ದಿತ್ತು. ಸಪಾಟಾಗಲಿ ಎಂದು ಒಂದರ ಮೇಲೊಂದು ಇಟ್ಟು ಮನೆಯ ದಪ್ಪ ನಿಘಂಟುಗಳನ್ನೆಲ್ಲ ಹೇರಿದೆ. ಬಣ್ಣ ಒಣಗಿದೆಯೇ ಎಂದು ಮುಟ್ಟಿ ನೋಡಬೇಕು ಎಂಬುದು ಮಾರನೇ ದಿನ ಎರಡು ಚಿತ್ರಗಳನ್ನು ಪರಪರ ಬಿಡಿಸುವಾಗ ಹೊಳೆಯಿತು. ಒಂದು ಮಗುವಿನ ಧ್ಯಾನಮಗ್ನ ಮುಖ ಇನ್ನೊಂದು ಹುಡುಗಿ ಬರೆದ ಹಾಸಿಗೆಯ ಹೊದಿಕೆಯ ಮೇಲೆ ಪಡಿಯಚ್ಚಾಗಿ ಕೂತಿತ್ತು. ಯಾರೋ ಹಾಸಿಗೆಯೊಳಗಿಂದ ಇಣುಕಿದಂತೆ.

ಡ್ರಾಯಿಂಗ್ ಮೇಷ್ಟ್ರ ಮುಂದೆ ಹೋಗಿ ತಲೆ ತಗ್ಗಿಸಿ ನಿಂತೆ. ಅವರು ನಕ್ಕರು. "ವ್ಯಾನ್ ಗೋ 1888ರಲ್ಲಿ ತನ್ನ ಮಲಗುವ ಕೋಣೆಯ ಚಿತ್ರ ಬರೆದ ಮೇಡಂ. ನೋಡಿದವರ ತಲೆಗೆ ವಿಶ್ರಾಂತಿ ಸಿಗಬೇಕು ಅಂತ ತಮ್ಮನಿಗೆ ಕಾಗದ ಬರೆದ. ಆಮೇಲೆ ಅವನು ಆಸ್ಪತ್ರೆಯಲ್ಲಿದ್ದಾಗ ನದಿಗೆ ನೆರೆ ಬಂದು, ತೇವಕ್ಕೆ ಚಿತ್ರ ಕೆಟ್ಟಿತು. ಮಾರನೇ ವರ್ಷ ಅದನ್ನೇ ಮತ್ತೆ ಬರೆದ. ನೀವು ನೆರೆಗಿಂತ ವಾಸಿ ಬಿಡಿ." ಇದು ಹೊಗಳಿಕೆಯೋ ಏನೋ ತಿಳಿಯಲಿಲ್ಲ. ಹಾಸಿಗೆಯ ಹುಡುಗಿಯನ್ನು ಕರೆಸಿ ಕ್ಷಮೆ ಕೇಳಿದೆ. "ಮಲಗಿರೋ ಚಿತ್ರ ತಾನೇ ಆಂಟಿ, ಹೊದಿಕೆ ಎಳೆದ್ರೆ ಮುಗೀತು" ಎಂದು ಆರು ನಿಮಿಷದಲ್ಲಿ ಮತ್ತೆ ಬರೆದುಕೊಟ್ಟಳು. ಅಚ್ಚು ಬಿಟ್ಟ ಮುಖದ ಹುಡುಗಿ ಮಾತ್ರ ಇವತ್ತಿಗೂ ಎದುರು ಸಿಕ್ಕರೆ ರಸ್ತೆಯ ಆಚೆ ಬದಿಗೆ ಹೋಗುತ್ತಾಳೆ.

ಆ ರಾತ್ರಿ ಬ್ಯಾನರು ಬರೆಯುತ್ತಾ ಕುಂಚ ಅದ್ದುವ ಲೋಟವನ್ನೇ ಎತ್ತಿ ಎರಡು ಗುಟುಕು ಕುಡಿದೆ. ನೀಲಿಗೆ ಹೇಳಿಕೊಳ್ಳುವಂಥ ರುಚಿಯೇನಿಲ್ಲ. ಮಲಗಿದ್ದ ಮಗಳು ದಿಂಬಿನಿಂದ ತಲೆ ಎತ್ತದೆ "ಅಮ್ಮಾ, ಲೋಟ ನೋಡ್ಕೊಂಡು ಕುಡಿ" ಎಂದಳು. ಇವಳು ಸ್ಪರ್ಧೆಗೆ ಹೆಸರೇ ಕೊಟ್ಟಿರಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ ಮಗ್ಗುಲು ಬದಲಿಸಿದ್ದಳು.

ಪ್ರದರ್ಶನದ ದಿನ ಊಟದ ಹೊತ್ತಿನ ತನಕ ಎಲ್ಲವೂ ಸರಿಯಾಗಿತ್ತು. ಆಮೇಲೆ ಹತ್ತನೇ ತರಗತಿಯ ಒಬ್ಬಳು ಬಂದು ತನ್ನ ಚಿತ್ರದ ಮುಂದೆ ಕತ್ತು ವಾರೆ ಮಾಡಿ, ಇನ್ನೂ ವಾರೆ ಮಾಡಿ ನಿಂತಳು. ಸುರುಳಿ ಸುರುಳಿ ಬಣ್ಣಗಳ ಚಿತ್ರ ಅದು. "ಆಂಟಿ, ನನ್ನ ನೆಮ್ಮದಿ ತಲೆಕೆಳಗಾಗಿದೆ" ಎಂದಳು. ಮತ್ತೆ ಮೇಷ್ಟ್ರೇ ಗತಿ. 1961ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಮಾಟಿಸ್ ಎಂಬ ಫ್ರೆಂಚ್ ಕಲಾವಿದ ಕಾಗದ ಕತ್ತರಿಸಿ ಮಾಡಿದ ದೋಣಿಯ ಚಿತ್ರ 47 ದಿನ ತಲೆಕೆಳಗಾಗಿ ತೂಗಿತ್ತಂತೆ. ಅದನ್ನು ಪತ್ತೆ ಮಾಡಿದ್ದು ಸಂಗ್ರಹಾಲಯದವರಲ್ಲ, ನೋಡಲು ಬಂದಿದ್ದ ಒಬ್ಬ ಷೇರು ದಲ್ಲಾಳಿ ಮಹಿಳೆ. ದಿನವಿಡೀ ಮೇಲೆ ಹೋಯಿತೋ ಕೆಳಗೆ ಬಂತೋ ಎಂದೇ ನೋಡುವ ಕಣ್ಣು, ಸುಮ್ಮನೆ ಬಿಟ್ಟೀತೇ? ನಲವತ್ತೇಳು ದಿನದ ಮುಂದೆ ನನ್ನ ಮೂರು ಗಂಟೆ ಯಾವ ಲೆಕ್ಕ ಎಂದು ಧೈರ್ಯ ತಂದುಕೊಂಡು ಚಿತ್ರ ತಿರುಗಿಸಿದೆ. ಆಗ ನಂಬರಿನ ಚೀಟಿ ತಲೆಕೆಳಗಾಯಿತು.

ತೀರ್ಪುಗಾರರು ಇಬ್ಬರು: ನಿವೃತ್ತ ಕಲಾ ಶಿಕ್ಷಕರು, ಮತ್ತು ಮಕ್ಕಳ ಆಪ್ತಸಮಾಲೋಚಕಿ. ಶೆಲ್ಫುಗಳ ಸಾಲಿಗೆ ಬರುತ್ತಿದ್ದಂತೆ ನಾನು ಕಂಬದ ಮರೆಗೆ ಸರಿದೆ. ಇಬ್ಬರೂ ನಮ್ಮ ಐದನೇ ತರಗತಿಯವನ ಚಿತ್ರದ ಮುಂದೆ ನಿಂತುಬಿಟ್ಟರು. "ಗಮನಿಸಿದಿರಾ? ಕೆಳಗಿನ ಅರೆಗಳೆಲ್ಲ ತುಂಬಿವೆ, ಮೇಲಿನದು ಪೂರ್ತಿ ಖಾಲಿ" ಎಂದರು ಶಿಕ್ಷಕರು. "ಮನಸ್ಸಿನಲ್ಲಿ ಜಾಗ ಉಳಿಸಿಕೊಳ್ಳೋದು" ಎಂದರು ಸಮಾಲೋಚಕಿ. ಹುಡುಗನನ್ನು ಕರೆಸಿ, ಮೇಲಿನ ಅರೆ ಯಾಕಪ್ಪ ಖಾಲಿ ಎಂದು ಕೇಳಿದರು.

"ಅದು ನಂಗೆ ಎಟುಕಲ್ಲ."

ಸಮಾಲೋಚಕಿ ತಮ್ಮ ಹಾಳೆಯಲ್ಲಿ 'ಮಿತಿಯ ಅರಿವು' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು.

ಉಗುರಿನ ಹುಡುಗನಿಗೆ ಮೊದಲ ಬಹುಮಾನ, ಶೆಲ್ಫಿನವನಿಗೆ ಮೂರನೆಯದು. ನಾನು ಉಸಿರು ಬಿಟ್ಟೆ. ಪ್ರಮಾಣಪತ್ರಗಳನ್ನು ಹಿಂದಿನ ವಾರವೇ ಅಚ್ಚು ಹಾಕಿಸಿ ಇಟ್ಟಿದ್ದೆ. ಅರವತ್ತೆರಡೂ ಸಿದ್ಧವಾಗಿದ್ದವು. ಒಂದು ಕೆಲಸವನ್ನಾದರೂ ಮುಂಚಿತವಾಗಿ ಮಾಡಿದೆನಲ್ಲ ಎಂದು ಬೀಗುತ್ತಿದ್ದೆ. ಹೊಸದಾಗಿ ಬರೆಯುವ ಗೋಜೇಕೆ ಎಂದು ಫೋನಿನಲ್ಲಿ ಉಳಿದಿದ್ದ ಪ್ರಕಟಣೆಯ ಕರಡಿನಿಂದಲೇ ಸಾಲು ಎತ್ತಿ ಅಂಟಿಸಿದ್ದೆ.

ಮುಖ್ಯೋಪಾಧ್ಯಾಯಿನಿ ಕನ್ನಡಕ ಏರಿಸಿಕೊಂಡು ಮೈಕಿನಲ್ಲಿ ಓದಿದರು: "ಶಾಲೆಯ ವತಿಯಿಂದ ನಡೆದ ಶೆಲ್ಫ್ ಕೇರ್ ಚಿತ್ರಕಲಾ ಸ್ಪರ್ಧೆಯಲ್ಲಿ..." ಓದು ನಿಂತಿತು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಸಭೆ ಗಪ್‌ಚಿಪ್. ನಾನು ಕಂಬದ ಕಡೆ ನೋಡಿದೆ. ಅಲ್ಲಿ ಆಗಲೇ ಡ್ರಾಯಿಂಗ್ ಮೇಷ್ಟ್ರು ನಿಂತು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಿದ್ದರು.

ಆ ಮೌನದಲ್ಲಿ ಮೂರನೇ ಸಾಲಿನಿಂದ ಒಂದು ದನಿ ಸ್ಪಷ್ಟವಾಗಿ ಕೇಳಿತು.

"ನೋಡಮ್ಮ, ನಾನು ಹೇಳಿಲ್ವಾ? ಶೆಲ್ಫೇ!"