ಒಲೆ ಎಣಿಸ್ತಾರೆ, ತಲೆ ಎಣಿಸಲ್ಲ

ಮೊನ್ನೆ ಕುಷ್ಟಗಿ ತಾಲ್ಲೂಕಿನ ನಮ್ಮ ಚಿಗವ್ವನ ಊರಿಗೆ ಹೋಗಿದ್ದೆ. ಹಳೇ ಮಾಳಿಗೆ ಮನೆ ಮಳೆಗೆ ಬಿದ್ದ ಮೇಲೆ ಸರ್ಕಾರದ ಮನೆ ಸಿಕ್ಕಿದೆ. ಒಂದು ಕೋಣೆ, ಮೂಲೆಯಲ್ಲಿ ಅಡುಗೆಗೆ ಜಾಗ. ಅದರಲ್ಲಿ ಎಂಟು ಜನ. ಚಿಗವ್ವ, ಕಾಕಾ, ಇಬ್ಬರು ಗಂಡುಮಕ್ಕಳು, ಒಬ್ಬ ಸೊಸೆ, ಮೂವರು ಮೊಮ್ಮಕ್ಕಳು. ಗಂಡಸರು ಹೊರಗೆ ಕಟ್ಟೆ ಮೇಲೆ ಮಲಗುತ್ತಾರೆ. ಮಳೆ ಬಂದ ರಾತ್ರಿ ಜೋಳದ ಚೀಲ ಒಂದರ ಮೇಲೊಂದು ಪೇರಿಸಿ ಜಾಗ ಮಾಡಿಕೊಳ್ಳುತ್ತಾರೆ.

ಪಕ್ಕದ್ದೂ ಅದೇ ಯೋಜನೆಯ ಮನೆ, ಅಷ್ಟೇ ಅಳತೆ. ಅಲ್ಲಿರುವುದು ಗಂಡ ಹೆಂಡತಿ ಇಬ್ಬರೇ. ಅವರ ಮೇಲೆ ಹೊಟ್ಟೆಕಿಚ್ಚಿಲ್ಲ, ಮೊದಲು ಅವರೂ ತಗಡಿನ ಶೆಡ್ಡಲ್ಲೇ ಇದ್ದರು. ಆದರೆ ಇಬ್ಬರಿಗೂ ಅಷ್ಟೇ, ಎಂಟು ಜನಕ್ಕೂ ಅಷ್ಟೇ ಅಂದ್ರೆ ಹೇಗೆ?

ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಹಳ್ಳಿ ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು, ಅಡುಗೆ ಜಾಗ ಸೇರಿ. ಸುಮಾರು 270 ಚದರ ಅಡಿ. ಬಯಲು ಪ್ರದೇಶಕ್ಕೆ ಸಹಾಯಧನ 1.20 ಲಕ್ಷ ರೂಪಾಯಿ. ದೊಡ್ಡದು ಕಟ್ಟಬೇಡಿ ಅಂತ ಯಾರೂ ಅನ್ನಲ್ಲ, ಕೈಯಿಂದ ಹಾಕಬೇಕು ಅಷ್ಟೇ. ಎಂಟು ಜನಕ್ಕೆ ಹಂಚಿದರೆ ತಲೆಗೆ 34 ಚದರ ಅಡಿ. ಒಂದು ಮಂಚ, ಒಂದು ಟ್ರಂಕು ಇಟ್ಟರೆ ಮುಗೀತು.

ಈ ಯೋಜನೆ ಶುರುವಾದದ್ದು 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯ ಪಟ್ಟಿ ಇಟ್ಟುಕೊಂಡು. ಗಣತಿಯಲ್ಲಿ ಒಂದೇ ಒಲೆಯ ಅಡುಗೆ ಉಣ್ಣುವವರು ಒಂದು ಕುಟುಂಬ. ಪಟ್ಟಣದ ಯೋಜನೆಗೆ ಬೇರೆ ಲೆಕ್ಕ. ಅಲ್ಲಿ ಕುಟುಂಬ ಅಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಮದುವೆಯಾದ ಮಗ ಬೇರೆ ಕುಟುಂಬ.

ಹಳ್ಳಿಯಲ್ಲಿ ಮಾತ್ರ ಒಲೆಗೊಂದೇ ಮನೆ. ಹಾಗಾಗಿ ಊರಲ್ಲಿ ಸಿಗುವ ಸಲಹೆ ಒಂದೇ, ರೇಷನ್ ಕಾರ್ಡ್ ಬೇರೆ ಮಾಡಿಸಿ. ಚಿಗವ್ವನಿಗೂ ಯಾರೋ ಹೇಳಿದ್ದರು, ಸೊಸೆ ಹೆಸರಲ್ಲಿ ಇನ್ನೊಂದು ಅರ್ಜಿ ಹಾಕು ಅಂತ. ಅವಳು ನನ್ನ ಮುಂದೆ ಅಂದಳು, "ಮನಿ ಸಿಗಬೇಕಂದ್ರ ಮನಿ ಒಡೀಬೇಕೇನೋ ತಮ್ಮಾ?" ಒಟ್ಟಿಗೆ ಉಣ್ಣುವವರನ್ನು ಸುಳ್ಳು ಹೇಳಲು ಹಚ್ಚುವುದು ಯಾವ ನ್ಯಾಯ ಅಂತ ನನಗಂತೂ ತಿಳಿಯಲ್ಲ.

ಅಮೆರಿಕದಲ್ಲಿ ಸಬ್ಸಿಡಿ ಮನೆ ಕೊಡುವಾಗ ತಲೆ ಎಣಿಸುತ್ತಾರೆ. ಸಾಮಾನ್ಯವಾಗಿ ಒಂದು ಮಲಗುವ ಕೋಣೆಗೆ ಇಬ್ಬರು. ಆದಾಯದ ಮಿತಿಯೂ ಜನರ ಮೇಲೆ ನಿಂತಿದೆ. ನಾಲ್ಕು ಜನರ ಮನೆಯನ್ನು ಮೂಲ ಲೆಕ್ಕ ಮಾಡಿ, ಆಮೇಲೆ ಒಬ್ಬೊಬ್ಬರಿಗೆ ಶೇ 8ರಷ್ಟು ಏರಿಸುತ್ತಾರೆ. ಅದಕ್ಕೂ ಒಂದು ಕಾಟ ಇದೆ. ಮಕ್ಕಳು ಹೊರಟುಹೋದರೆ ಚಿಕ್ಕ ಮನೆಗೆ ಹೋಗಿ ಅನ್ನಬಹುದು. ಬ್ರಿಟನ್ನಿನಲ್ಲಿ 2013ರಿಂದ ಒಂದು ಕೋಣೆ ಜಾಸ್ತಿ ಇದ್ದರೆ ಬಾಡಿಗೆ ನೆರವಿನ ಲೆಕ್ಕದಲ್ಲಿ ಶೇ 14, ಎರಡಿದ್ದರೆ ಶೇ 25 ಕಡಿತ. ಅದನ್ನಂತೂ ನಾವು ತರೋದು ಬೇಡ.

ನಮ್ಮಲ್ಲಿ ತಲೆ ಎಣಿಸುವುದು ಸುಲಭ ಅಂತ ನಾನೂ ಹೇಳಲ್ಲ. ಸುಗ್ಗಿ ಮುಗಿದರೆ ದೊಡ್ಡ ಮಗ, ಸೊಸೆ ಬೆಂಗಳೂರಿಗೆ ಗುಳೆ. ಮಕ್ಕಳು ಅಜ್ಜಿ ಹತ್ತಿರ. ಆಗ ಸರ್ವೆಗೆ ಬಂದವರಿಗೆ ಆರೇ ಜನ ಕಾಣುತ್ತಾರೆ. ಜಾತ್ರೆಗೆ ಬಂದರೆ ಮತ್ತೆ ಎಂಟು, ಮಗಳು ಬಾಣಂತನಕ್ಕೆ ಬಂದರೆ ಹತ್ತು. ಆದರೆ ಯಾರ ಮನೇಲಿ ಎಷ್ಟು ಜನ ಉಣ್ಣುತ್ತಾರೆ ಅನ್ನುವುದು ಊರಿಗೆ ಗೊತ್ತೇ ಇರುತ್ತೆ, ಅಲ್ವಾ? ಗ್ರಾಮಸಭೆಯಲ್ಲಿ ಕೇಳಿ ಬರೆದುಕೊಳ್ಳಲಿ. ಐದು ಜನಕ್ಕಿಂತ ಜಾಸ್ತಿ ಇದ್ದರೆ ಇನ್ನೊಂದು ಕೋಣೆಗೆ ದುಡ್ಡು ಸೇರಿಸಲಿ.

ಮುಂದಿನ ಗ್ರಾಮಸಭೆಗೆ ನಾನೇ ಕರ್ಕೊಂಡು ಹೋಗ್ತೀನಿ ಬಾ ಅಂದೆ. ಚಿಗವ್ವ ನಕ್ಕಳು.

"ನನ್ನೊಬ್ಬಾಕಿನ್ನ ಯಾಕ? ಎಂಟೂ ಮಂದಿನ್ನ ಕರ್ಕೊಂಡು ಹೋಗು. ಅಲ್ಲೇ ಎಣಿಸ್ಲಿ."