ಬಣ್ಣ ಅವರು ಹೊಡೆಯಲಿ, ಪಾಲಿಶ್ ನಾವೇ ಮಾಡೋಣ

ಹೊಸದಾಗಿ ಪೇಂಟ್ ಮಾಡಿಸಿದ ಕಾರು ಡೆಲಿವರಿ ದಿನ ಫಳಫಳ ಹೊಳೆಯುವುದರಲ್ಲಿ ವಿಶೇಷವೇನೂ ಇಲ್ಲ. ಅದನ್ನು ಮೂರ್ನಾಲ್ಕು ಸಲ ತೊಳೆದ ಮೇಲೆ ಬೆಳಗಿನ ಬಿಸಿಲಿಗೆ ನಿಲ್ಲಿಸಿ, ಸ್ವಲ್ಪ ಓರೆಯಾಗಿ ನೋಡಿ. ಕಪ್ಪು, ಕಡುನೀಲಿ, ಮೆರೂನ್ ಕಾರಾದರೆ ಸೂರ್ಯನ ಪ್ರತಿಬಿಂಬದ ಸುತ್ತ ಸುತ್ತುಸುತ್ತಾದ ಸಣ್ಣ ಗೆರೆಗಳು ಕಾಣುತ್ತವೆ. ನೀವು ಎರಡು ಹೆಜ್ಜೆ ಸರಿದರೆ ಜೊತೆಗೇ ಸರಿಯುವ ಮಸುಕು ಪಟ್ಟಿಗಳೂ ಕಾಣುತ್ತವೆ. ಇದನ್ನು ತೋರಿಸಿದರೆ ಗ್ಯಾರೇಜಿನವರು "ನಿಮ್ಮ ಹುಡುಗ ತೊಳೆದ ಬಟ್ಟೆ ಸರಿ ಇಲ್ಲ ಸರ್" ಎನ್ನುತ್ತಾರೆ. ಬಟ್ಟೆಯ ಪಾಲು ಸ್ವಲ್ಪ ಇದ್ದರೂ ಇರಬಹುದು. ಆದರೆ ಆ ಪಟ್ಟಿಗಳು ಮೊದಲ ದಿನವೇ ಅಲ್ಲಿದ್ದವು. ಒರಟು ಕಾಂಪೌಂಡ್ (ಹೊಳಪಿಗೆ ಉಜ್ಜುವ ಪೇಸ್ಟ್), ಉಣ್ಣೆಯ ಪ್ಯಾಡ್, ಜೋರಾಗಿ ತಿರುಗುವ ರೋಟರಿ ಯಂತ್ರ, ಈ ಮೂರೂ ಸೇರಿ ಬಿಟ್ಟುಹೋದ ಗುರುತು ಅದು. ಕೊನೆಯಲ್ಲಿ ಒರೆಸಿದ ಎಣ್ಣೆಯಂಶದ ಗ್ಲೇಜ್ ಅದನ್ನು ಮುಚ್ಚಿತ್ತು. ಶಾಂಪೂ ಬಂದು ಗ್ಲೇಜನ್ನು ತೆಗೆದುಕೊಂಡು ಹೋಯಿತು.

ನನ್ನ ವಾದ ಇಷ್ಟೆ: ಡೆಂಟಿಂಗ್, ಪುಟ್ಟಿ, ಪ್ರೈಮರ್, ಬಣ್ಣ, ಅದರ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್ ಎಲ್ಲವನ್ನೂ ಗ್ಯಾರೇಜಿನಲ್ಲಿ ಮಾಡಿಸಿ. ಅಲ್ಲಿಗೆ ನಿಲ್ಲಿಸಲು ಹೇಳಿ. ರಬ್ಬಿಂಗ್ ಮತ್ತು ಪಾಲಿಶ್ ಅನ್ನು ಮನೆಯಲ್ಲಿ ನೀವೇ ಮಾಡಿಕೊಳ್ಳಿ. ಪೇಂಟರ್‌ಗೆ ಇರುವ ಕೈಚಳಕ ನಮಗಿಲ್ಲ, ಒಪ್ಪುತ್ತೇನೆ. ಆದರೆ ಈ ಕೊನೆಯ ಹಂತ ಕೇಳುವುದು ಕೈಚಳಕಕ್ಕಿಂತ ಹೆಚ್ಚಾಗಿ ಪುರುಸೊತ್ತನ್ನು, ಮತ್ತು ಅದೊಂದೇ ಅವರ ಹತ್ತಿರ ಇಲ್ಲದ್ದು. ಹಿಂದೆ ನಾಲ್ಕು ಕಾರು ಕಾಯುತ್ತಿರುತ್ತವೆ, ಇನ್ಶೂರೆನ್ಸ್ ಸರ್ವೇಯರ್ ಫೋನ್ ಮಾಡುತ್ತಿರುತ್ತಾನೆ, ಸಂಜೆಯೊಳಗೆ ಗಾಡಿ ಹೊರಗೆ ಹೋಗಬೇಕು. ಅಂಥ ಒತ್ತಡದಲ್ಲಿ ಯಾರು ಉಜ್ಜಿದರೂ ಹಾಗೆಯೇ ಉಜ್ಜುತ್ತಾರೆ.

ನಮ್ಮ ಹಳೆಯ ಕಡುನೀಲಿ ಕಾರಿನ ಹಿಂಬಾಗಿಲಿಗೆ ಬಣ್ಣ ಹೊಡೆಸಿದಾಗ ಇದನ್ನೇ ಹೇಳಿದೆ. ಪೇಂಟರ್ ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದರು. "ಪಾಲಿಶ್ ಮಾಡದೆ ಕೊಟ್ಟರೆ ನಾಳೆ ನೀವೇ ಬಂದು ಬೈಯುತ್ತೀರಿ ಸರ್."

"ಬೈಯುವುದಿಲ್ಲ ಮೇಸ್ತ್ರಿಗಳೇ, ಬೇಕಾದರೆ ಬಿಲ್ ಮೇಲೆ ಬರೆದುಕೊಳ್ಳಿ" ಎಂದೆ. ಬರೆದೇಬಿಟ್ಟರು!

ಹೊಸ ಕ್ಲಿಯರ್ ಕೋಟ್ ಎಂದರೆ ಏನು ಎಂಬುದನ್ನು ತಿಳಿದುಕೊಂಡರೆ ಈ ಕೆಲಸದ ಅರ್ಧ ಭಯ ಹೋಗುತ್ತದೆ. ಕಾರ್ಖಾನೆಯಲ್ಲಿ ಬರಿಯ ಲೋಹದ ಬಾಡಿಯನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಬೇಯಿಸಿ ಬಣ್ಣವನ್ನು ಗಟ್ಟಿ ಮಾಡುತ್ತಾರೆ. ಗ್ಯಾರೇಜಿಗೆ ಬರುವ ಕಾರಿನಲ್ಲಿ ವೈರು, ಪ್ಲಾಸ್ಟಿಕ್, ಸೀಟು ಎಲ್ಲ ಇರುವುದರಿಂದ ಅಷ್ಟು ಬಿಸಿ ಕೊಡಲಾಗದು. ಹಾಗಾಗಿ ಗಟ್ಟಿಯಾಗಿಸುವ ದ್ರವ (ಹಾರ್ಡ್‌ನರ್) ಬೆರೆಸುವ ಎರಡು ಭಾಗದ ಕ್ಲಿಯರ್ ಬಳಸಿ, ಬೂತ್ (ಬಿಸಿ ಕೊಡುವ ಮುಚ್ಚಿದ ಪೇಂಟ್ ಕೋಣೆ) ಇದ್ದರೆ 60 ಡಿಗ್ರಿಯಲ್ಲಿ ಅರ್ಧ ಗಂಟೆಯ ಆಸುಪಾಸು ಇಡುತ್ತಾರೆ. ಬೂತ್ ಇಲ್ಲದಿದ್ದರೆ ಗಾಳಿಯೇ ಗತಿ. ಇದು ಹಪ್ಪಳ ಒಣಗಿದ ಹಾಗೆ: ಮೇಲೆ ಮುಟ್ಟಿದರೆ ಗರಿಗರಿ, ಒಳಗೆ ಇನ್ನೂ ಹಸಿ. ಒಳಗಿನ ಥಿನ್ನರ್ ಅಂಶ ನಿಧಾನವಾಗಿ ಹೊರಗೆ ಹೋಗುತ್ತಲೇ ಇರುತ್ತದೆ, ಪದರ ಕೊಂಚ ಕುಗ್ಗುತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ಅವಸರಪಟ್ಟು ಕನ್ನಡಿಯಂತೆ ಮಾಡಿಟ್ಟರೂ ಎರಡು ವಾರದಲ್ಲಿ ಹೊಳಪು ಇಳಿಯಬಹುದು, ಕೆಳಗಿನ ಮರಳು ಕಾಗದದ ಗೀರುಗಳು ಮತ್ತೆ ಮೇಲೆ ಕಾಣಿಸಿಕೊಳ್ಳಬಹುದು.

ಹಾಗೆಂದು ತಿಂಗಳುಗಟ್ಟಲೆ ಕಾದರೆ ಇನ್ನೊಂದು ಪಜೀತಿ. ಪೂರ್ತಿ ಗಟ್ಟಿಯಾದ ಕ್ಲಿಯರ್ ಮೇಲೆ 2000 ನಂಬರ್ ಪೇಪರಿನ (ಬಹಳ ನಯವಾದ ಮರಳು ಕಾಗದದ) ಗೀರು ತೆಗೆಯಲು ರಟ್ಟೆ ಬಿದ್ದುಹೋಗುತ್ತದೆ. ಬೂತಿನಲ್ಲಿ ಕಾಯಿಸಿದ್ದಾದರೆ ಮರುದಿನದಿಂದ, ಗಾಳಿಯಲ್ಲಿ ಒಣಗಿದ್ದಾದರೆ ಇನ್ನೂ ಒಂದೆರಡು ದಿನ ಬಿಟ್ಟು ಕೆಲಸ ಶುರು ಮಾಡಬಹುದು. ಆಯಾ ಕಂಪನಿಯ ಡೇಟಾ ಶೀಟಿನಲ್ಲಿ ಈ ಅವಧಿ ಬರೆದಿರುತ್ತದೆ. ಪೇಂಟರ್ ಯಾವ ಕ್ಲಿಯರ್ ಬಳಸಿದರು, ಡಬ್ಬದ ಮೇಲೆ ಏನಿತ್ತು ಎಂದು ಫೋಟೊ ತೆಗೆದುಕೊಂಡು ಬನ್ನಿ. ಮಳೆಗಾಲದ ಮಡಿಕೇರಿ, ತೀರ್ಥಹಳ್ಳಿಯಂಥ ಊರುಗಳಲ್ಲಿ ಕಾಯುವುದು ಜಾಸ್ತಿ. ಬಾಗಿಲಿನ ಒಳ ಅಂಚಿನಂಥ ಕಾಣದ ಜಾಗದಲ್ಲಿ ಉಗುರು ಒತ್ತಿ ನೋಡಿ. ಗುರುತು ಉಳಿದರೆ ಯಂತ್ರವನ್ನು ಪೆಟ್ಟಿಗೆಯಿಂದ ತೆಗೆಯಬೇಡಿ.

ಇನ್ನು ದಪ್ಪದ ವಿಷಯ. ಕಾರ್ಖಾನೆಯ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ಆಸುಪಾಸು ಇರುತ್ತದೆ, ಗ್ಯಾರೇಜಿನಲ್ಲಿ ಎರಡು ಕೋಟ್ ಹೊಡೆದರೆ ಅದಕ್ಕಿಂತ ಸ್ವಲ್ಪ ಹೆಚ್ಚು. ಅಂದರೆ ಒಂದು ತಲೆಗೂದಲಿನ ದಪ್ಪಕ್ಕೂ ಹೆಚ್ಚುಕಡಿಮೆ ಸಾಲದು. ಬಿಸಿಲಿನ ಅತಿನೇರಳೆ ಕಿರಣ ತಡೆಯುವ ಅಂಶವೂ ಇದೇ ಪದರದಲ್ಲಿದೆ. ಇದನ್ನು ಉಜ್ಜಿ ಕಳೆದರೆ ಮತ್ತೆ ಹಚ್ಚಿಕೊಡುವ ಪಾಲಿಶ್ ಜಗತ್ತಿನಲ್ಲಿಲ್ಲ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದ ಬಣ್ಣದ ಮೇಲೆ ಕ್ಲಿಯರ್ ಇರುತ್ತಿರಲಿಲ್ಲ. ರಬ್ಬಿಂಗ್ ಮಾಡಿದರೆ ಬಟ್ಟೆಗೆ ಕಾರಿನ ಬಣ್ಣ ಅಂಟುವುದು ಆಗ ಸಹಜವಾಗಿತ್ತು, ಒಳ್ಳೆಯ ಕೆಲಸದ ಗುರುತೂ ಆಗಿತ್ತು. ಆ ಕಾಲದಲ್ಲಿ ಕೈ ಪಳಗಿಸಿಕೊಂಡ ಹಿರಿಯರು ಇಂದಿಗೂ ಅದೇ ಭಾರ ಹಾಕಿ ಉಜ್ಜುವುದನ್ನು ನೋಡಿದ್ದೇನೆ. ಈಗಿನ ಕಾರಿನಲ್ಲಿ ಪ್ಯಾಡ್ ಮೇಲೆ ಕಾಂಪೌಂಡಿನ ಬಿಳಿ ಮಾತ್ರ ಕಾಣಬೇಕು. ನೀಲಿ ಕಾರಿನ ಪ್ಯಾಡ್ ನೀಲಿಯಾಯಿತೆಂದರೆ ಆ ಜಾಗದಲ್ಲಿ ಕ್ಲಿಯರ್ ಮುಗಿದಿದೆ. ಮತ್ತೆ ಪೇಂಟರ್ ಬಾಗಿಲೇ.

ಆದ್ದರಿಂದ ವಾಟರ್ ಪೇಪರ್ ಹಿಡಿಯುವ ಮೊದಲು ಪಕ್ಕದ ಬಾಗಿಲನ್ನು ನೋಡಿ. ಕಂಪನಿಯಿಂದ ಬಂದ ಬಣ್ಣದಲ್ಲೂ ಕಿತ್ತಳೆ ಸಿಪ್ಪೆಯಂಥ ಸಣ್ಣ ಉಬ್ಬುತಗ್ಗು ಇದ್ದೇ ಇರುತ್ತದೆ. ಯೂಟ್ಯೂಬ್ ನೋಡಿ ಒಂದು ಬಾಗಿಲನ್ನು ಮಾತ್ರ ಗಾಜಿನಷ್ಟು ನುಣುಪು ಮಾಡಿದರೆ ಅದೊಂದೇ ಎದ್ದು ಕಾಣುತ್ತದೆ, ರಿಪೇರಿಯಾದ ಬಾಗಿಲು ಯಾವುದೆಂದು ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವನು ದೂರದಿಂದಲೇ ಹೇಳುತ್ತಾನೆ. ಇಡೀ ಪ್ಯಾನಲ್ಲನ್ನು ಪೇಪರ್ ಹೊಡೆಯುವ ಚಪಲವನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಧೂಳಿನ ಕಣ ಕೂತಲ್ಲಿ, ಕ್ಲಿಯರ್ ಇಳಿದು ಹನಿಗಟ್ಟಿದಲ್ಲಿ ಮಾತ್ರ ಉಜ್ಜಿದರೆ ಸಾಕು.

ಆ ಕೆಲಸ ನೋಡಲು ಬಹಳ ಚೆನ್ನ. ನನ್ನ ಬಾಗಿಲಿನಲ್ಲಿ ಹಿಡಿಕೆಯ ಕೆಳಗೆ ಸಾಸಿವೆಗಿಂತ ಸಣ್ಣ ಕಣವೊಂದು ಕೂತಿತ್ತು. 2000 ನಂಬರ್ ಪೇಪರನ್ನು ನೀರಿನಲ್ಲಿ ನೆನೆಸಿ, ಎರೇಸರ್ ಗಾತ್ರದ ಗಟ್ಟಿ ರಬ್ಬರ್ ತುಂಡಿಗೆ ಸುತ್ತಿ, ಒಂದು ಹನಿ ಶಾಂಪೂ ಹಾಕಿ, ಬೆರಳಿನ ಭಾರ ಮಾತ್ರ ಹಾಕಿ ಹಿಂದೆ ಮುಂದೆ ಆಡಿಸಬೇಕು. ಮೊದಲು ಕಣದ ನೆತ್ತಿ ಮಾತ್ರ ಬೆಳ್ಳಗಾಗುತ್ತದೆ. ಆಮೇಲೆ ಆ ಬಿಳಿ ಅಗಲವಾಗುತ್ತದೆ. ನೀರು ಒರೆಸಿ ನೋಡಿದಾಗ ಸುತ್ತಲಿನ ಮಸುಕಿನ ಮಧ್ಯೆ ಕಣ ಕಾಣದಾದರೆ ಅಲ್ಲಿಗೆ ಮುಗಿಯಿತು. 3000 ಪೇಪರಿನಲ್ಲಿ ನಾಲ್ಕು ಸಲ ಆಡಿಸಿದರೆ ಕಾಂಪೌಂಡಿನ ಕೆಲಸ ಹಗುರ. ಬೆರಳನ್ನೇ ಪೇಪರಿನ ಹಿಂದೆ ಇಟ್ಟು ಉಜ್ಜಬಾರದು, ಬೆರಳಿನ ಆಕಾರದ ತಗ್ಗು ಬೀಳುತ್ತದೆ. ಒಣ ಪೇಪರ್ ಬೇಡವೇ ಬೇಡ. ಅರ್ಧಂಬರ್ಧ ಗಟ್ಟಿಯಾದ ಕ್ಲಿಯರಿನ ಪುಡಿ ಶ್ವಾಸಕೋಶಕ್ಕೆ ಹೋಗುವಂಥದ್ದಲ್ಲ. ಕೈಗೆ ಗ್ಲೌಸ್ ಇರಲಿ.

ಯಂತ್ರದ ವಿಷಯದಲ್ಲಿ ನಾನು ಹಟಮಾರಿ. ಮನೆಯಲ್ಲಿರುವ ಗ್ರೈಂಡರ್‌ಗೆ ಪ್ಯಾಡ್ ಸಿಕ್ಕಿಸಿ ಪಾಲಿಶ್ ಮಾಡುತ್ತೇನೆ ಎನ್ನುವವರಿಗೆ ಕೈಮುಗಿಯುತ್ತೇನೆ. ನಾಲ್ಕಿಂಚಿನ ಗ್ರೈಂಡರ್ ನಿಮಿಷಕ್ಕೆ ಹತ್ತು ಸಾವಿರಕ್ಕೂ ಮಿಗಿಲಾಗಿ ತಿರುಗುತ್ತದೆ. ಪಾಲಿಶ್ ಮಾಡುವ ರೋಟರಿಯನ್ನು ನುರಿತವರು ಸಾವಿರ, ಒಂದೂವರೆ ಸಾವಿರದಲ್ಲಿ ಇಟ್ಟು ಕೆಲಸ ಮಾಡುತ್ತಾರೆ. ಮನೆಗೆ ಡ್ಯುಯಲ್ ಆಕ್ಷನ್ ಪಾಲಿಶರ್ ಒಂದೇ ಸರಿ. ಅದು ತಿರುಗುತ್ತಲೇ ಅಲುಗಾಡುವುದರಿಂದ ಒಂದೇ ಜಾಗದಲ್ಲಿ ಬಿಸಿ ಕೂಡುವುದು ಕಡಿಮೆ, ಭಾರ ಹೆಚ್ಚು ಹಾಕಿದರೆ ಪ್ಯಾಡ್ ತಿರುಗುವುದೇ ನಿಂತುಹೋಗುತ್ತದೆ. ಫೋಮ್ ಪ್ಯಾಡ್ ಮೇಲೆ ಕಡಲೆಕಾಳಿನಷ್ಟು ನಾಲ್ಕು ಬೊಟ್ಟು ಕಾಂಪೌಂಡ್, ಎರಡಡಿ ಚೌಕದ ಜಾಗ, ನಿಧಾನದ ಕೈ. ಅಂಚುಗಳಿಗೆ, ಬಾಡಿಯ ಮಡಿಕೆ ಗೆರೆಗಳಿಗೆ ಮೊದಲೇ ಮಾಸ್ಕಿಂಗ್ ಟೇಪ್ ಅಂಟಿಸಿ. ಒಣಗುವಾಗ ಕ್ಲಿಯರ್ ಅಂಚಿನಿಂದ ಹಿಂದೆ ಸರಿಯುವುದರಿಂದ ಅಲ್ಲಿ ಪದರ ತೆಳು. ಆಗಾಗ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಮುಂದುವರಿಸಿ, ಸುಡುತ್ತಿದ್ದರೆ ಕಾಫಿ ಕುಡಿದು ಬನ್ನಿ. ಪ್ಲಾಸ್ಟಿಕ್ ಬಂಪರ್ ಬಿಸಿಯನ್ನು ಹರಡಿಕೊಳ್ಳುವುದಿಲ್ಲ, ಅಲ್ಲಿ ಇನ್ನೂ ಎಚ್ಚರ.

ನಮ್ಮ ಊರುಗಳ ನಿಜವಾದ ಶತ್ರು ಧೂಳು. ಪಕ್ಕದ ಸೈಟಿನಲ್ಲಿ ಎಂ-ಸ್ಯಾಂಡ್ ಇಳಿಸುತ್ತಿರುವ ದಿನ ಪಾಲಿಶ್ ಮಾಡಿದರೆ ಮರಳು ಕಾಗದ ಹಿಡಿದು ಉಜ್ಜಿದ್ದಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ. ಬಿಸಿಲೇರುವ ಮೊದಲು, ನೆರಳಿನಲ್ಲಿ, ನೆಲಕ್ಕೆ ನೀರು ಚಿಮುಕಿಸಿಕೊಂಡು ಕೂರಬೇಕು. ನೆಲಕ್ಕೆ ಬಿದ್ದ ಮೈಕ್ರೋಫೈಬರ್ ಬಟ್ಟೆಯನ್ನು ಕೊಡವಿ ಮತ್ತೆ ಬಳಸುವ ಜಿಪುಣತನ ಬೇಡ. ಬನಿಯನ್ ವೇಸ್ಟ್ ಎಂಜಿನ್ ಒರೆಸಲು ಇರಲಿ. ಬೋರ್‌ವೆಲ್ ನೀರಿನ ಹನಿ ಹೊಸ ಕ್ಲಿಯರ್ ಮೇಲೆ ಒಣಗಿದರೆ ಬಿಳಿ ಕಲೆ ಕೂರುತ್ತದೆ, ತಕ್ಷಣ ಒರೆಸಿ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದಾಗ ನನ್ನ ಗೆಳೆಯನೊಬ್ಬ ಪಾಲಿಶ್ ಕೆಲಸವನ್ನೇ ಕೈಬಿಟ್ಟ. ಅವನಿಗೆ ಹೇಳಿದ್ದು, ಒಂದು ಬಾಗಿಲಿನ ಪೇಪರ್ ಕೆಲಸಕ್ಕೆ ಅರ್ಧ ಬಕೆಟ್ ನೀರೂ ಬೇಡ, ಮಳೆನೀರು ಹಿಡಿದಿಟ್ಟರೆ ಇನ್ನೂ ಒಳ್ಳೆಯದು.

ಇಷ್ಟೆಲ್ಲ ಮನೆಯಲ್ಲಿ ಮಾಡಬಹುದಾದರೆ ಕ್ಲಿಯರನ್ನೂ ನಾವೇ ಹೊಡೆದರೆ ಹೇಗೆ ಎಂದು ಕೆಲವರು ಕೇಳುತ್ತಾರೆ. ಬೇಡ. ಆ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ, ಅದರ ಮಂಜು ಉಸಿರಿಗೆ ಹೋದರೆ ಆಸ್ತಮಾ ಹತ್ತಿಕೊಳ್ಳಬಹುದು. ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ಮಕ್ಕಳು ಆಡುವ ಅಂಗಳ ಅದಕ್ಕೆ ಜಾಗವಲ್ಲ. ಹಾರ್ಡ್‌ನರ್ ಇಲ್ಲದ ಸಾಮಾನ್ಯ ಸ್ಪ್ರೇ ಡಬ್ಬದ ಕ್ಲಿಯರ್ ಸಿಗುತ್ತದೆ, ಆದರೆ ಅದು ಎಷ್ಟು ದಿನವಾದರೂ ಎರಡು ಭಾಗದ್ದರಷ್ಟು ಗಟ್ಟಿಯಾಗದು. ಪೆಟ್ರೋಲ್ ಹನಿ ಬಿದ್ದರೆ ಮೆತ್ತಗಾಗುತ್ತದೆ, ಅದನ್ನು ಕಾಂಪೌಂಡ್ ಮಾಡುವುದು ವ್ಯರ್ಥ.

ಪಾಲಿಶ್ ಮುಗಿದ ಮೇಲೆ ವ್ಯಾಕ್ಸ್, ಟೆಫ್ಲಾನ್, ಸೆರಾಮಿಕ್ ಲೇಪನ ಎಂದು ಯಾರಾದರೂ ಬೆನ್ನು ಹತ್ತಿಯೇ ಹತ್ತುತ್ತಾರೆ. ಹೊಸ ಬಣ್ಣಕ್ಕೆ ಒಂದೆರಡು ತಿಂಗಳು ಏನನ್ನೂ ಬಳಿಯಬೇಡಿ, ಒಳಗಿನ ಥಿನ್ನರ್ ಹೊರಗೆ ಹೋಗಲಿ. ಪೇಂಟ್ ಕಂಪನಿಗಳ ಸಲಹೆಯೂ ಸಾಮಾನ್ಯವಾಗಿ ಹೀಗೆಯೇ ಇರುತ್ತದೆ. "ಇವತ್ತೇ ಹಾಕಿಸಿದರೆ ಡಿಸ್ಕೌಂಟ್" ಎನ್ನುವವನನ್ನು ಒಂದೇ ಪ್ರಶ್ನೆ ಕೇಳಿ: ಈ ಪ್ಯಾನಲ್‌ಗೆ ಬಣ್ಣ ಹೊಡೆದು ಎಷ್ಟು ದಿನವಾಯಿತು ಗೊತ್ತೇ? ಅದನ್ನು ಕೇಳದೆಯೇ ಬಾಟಲಿ ಬಿಚ್ಚುವವನಿಗೆ ನಾನಂತೂ ಕಾರಿನ ಕೀ ಕೊಡುವುದಿಲ್ಲ.