ಮಳೆಗೆ ಪುಸ್ತಕ ಉಂಟು, ಗಾಳಿಗೆ?

ಈ ಸಲ ಆಟಿ ಹದಿನೆಂಟಕ್ಕೆ, ಅಂದರೆ ನಮ್ಮಲ್ಲಿ ಮದ್ದುಸೊಪ್ಪಿನ ಪಾಯಸ ಉಣ್ಣುವ ದಿನಕ್ಕೆ, ಕೊಡಗಿನ ಊರಿಗೆ ಹೋಗಿದ್ದೆ. ಚೇರಂಬಾಣೆ ಕಡೆಯ ನಮ್ಮ ಮನೆಯಲ್ಲಿ ಕರೆಂಟ್ ಹೋಗಿ ಆಗಲೇ ನಾಲ್ಕು ದಿನ. ಅತ್ತಿಗೆ ಸೌದೆ ಒಲೆಯ ಮುಂದೆ ಕೂತು ಪಾಯಸ ಕಾಯಿಸುತ್ತಿದ್ದರು. ಮೇಣದಬತ್ತಿ ಬೆಳಕಿನಲ್ಲಿ ಸೊಪ್ಪಿನ ಬಣ್ಣ ಸರಿಯಾಗಿ ಬಿಟ್ಟಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ‘ನಾಳೆ ಬೆಳಿಗ್ಗೆ ಎಲ್ಲರಿಗೂ ಗೊತ್ತಾಗ್ತದೆ ಬಿಡು’ ಅಂತ ಅಣ್ಣ ನಕ್ಕ. (ಆ ಪಾಯಸ ಉಂಡರೆ ಮಾರನೇ ದಿನ ಮೂತ್ರಕ್ಕೂ ಬಣ್ಣ ಬರುತ್ತದೆ.)

ಊಟ ಆದ ಮೇಲೆ ಅಣ್ಣ ಒಂದು ಬಣ್ಣದ ಕಾಗದ ತಂದು ನನ್ನ ಕೈಗಿಟ್ಟ. ಮನೆಯ ಮಾಡಿನ ಮೇಲೆ ಕೂರಿಸುವ ಗಾಳಿ ಮೆಷಿನ್ನು. 1 ಕಿಲೋವ್ಯಾಟ್. 20 ಸಾವಿರ ಅಡ್ವಾನ್ಸ್ ಕೊಟ್ಟಾಗಿತ್ತು.

‘ಇಲ್ಲಿ ಗಾಳಿ ಎಷ್ಟು ಉಂಟು?’ ಅಂತ ಕೇಳಿದೆ.

‘ಎಷ್ಟು ಉಂಟಾ? ಹೋದ ವರ್ಷ ಕೊಟ್ಟಿಗೆಯ ಹಂಚು ಹಾರಿ ತೋಡಿಗೆ ಬಿದ್ದದ್ದು ಫೋಟೋ ಕಳಿಸಿರಲಿಲ್ವಾ ನಿನಗೆ?’

‘ಹಂಚು ಹಾರಿದ್ದು ಒಂದು ದಿನ. ನಾನು ಕೇಳಿದ್ದು ವರ್ಷಕ್ಕೆ ಸರಾಸರಿ ಎಷ್ಟು ಅಂತ.’

ಅಣ್ಣ ಅತ್ತಿಗೆಯ ಕಡೆ ತಿರುಗಿದ. ‘ನೋಡು, ತಮಿಳುನಾಡಿಗೆ ಹೋಗಿ ಗಾಳಿಗೂ ಲೆಕ್ಕ ಕೇಳಲು ಕಲಿತು ಬಂದಿದ್ದಾನೆ.’ ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮಾತು ಎಲ್ಲೋ ಚುಚ್ಚಿತು. ವಾಪಸ್ ಬರುವಾಗ ಬಸ್ಸು ದಿಂಬಂ ಘಾಟಿ ಇಳಿಯುವವರೆಗೂ ಅದನ್ನೇ ಯೋಚಿಸುತ್ತಿದ್ದೆ.

ಅಲ್ಲ, ಲೆಕ್ಕ ನಮಗೆ ಹೊಸದಾ? ನಮ್ಮ ಜಗಲಿಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಒಂದು ಪುಸ್ತಕ ಉಂಟು. ಅಪ್ಪ ಶುರು ಮಾಡಿದ್ದು. ದಿನಾ ಬೆಳಿಗ್ಗೆ ಕಾಫಿ ಕಣದ ಮೂಲೆಯಲ್ಲಿರುವ ಡಬ್ಬದ ನೀರನ್ನು ಗಾಜಿನ ಅಳತೆಗೆ ಸುರಿದು, ಎಷ್ಟು ಇಂಚು ಎಷ್ಟು ಸೆಂಟು ಅಂತ ಬರೆಯಬೇಕು. ಸೆಂಟು ಅಂದರೆ ಇಂಚಿನ ನೂರನೇ ಒಂದು ಪಾಲು. ಅಪ್ಪ ತೀರಿಹೋದ ದಿನದ ಸಾಲಿನಲ್ಲೂ ಅಣ್ಣನ ಅಕ್ಷರದಲ್ಲಿ 2-35 ಅಂತ ಉಂಟು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ದಿನ ಯಾರಿಗೆ ಫೋನ್ ಮಾಡಿದರೂ ಮೊದಲ ಮಾತು ‘ನಿಮ್ಮಲ್ಲಿ ಎಷ್ಟು ಸೆಂಟು?’ ಪಕ್ಕದ ತೋಟಕ್ಕೆ 90 ಸೆಂಟು ಬಿದ್ದು ನಮಗೆ 60 ಬಿದ್ದರೆ ಅಣ್ಣನಿಗೆ ಅವತ್ತು ಊಟ ಸೇರುವುದಿಲ್ಲ. ಇಂಥವನು ಗಾಳಿಯ ವಿಷಯ ಬಂದ ಕೂಡಲೇ ಹಾರಿದ ಹಂಚನ್ನು ಸಾಕ್ಷಿಗೆ ಕರೆಯುತ್ತಾನೆ!

ನಾನಿರುವುದು ಉಡುಮಲಪೇಟೆಯಲ್ಲಿ. ನೂಲಿನ ಮಿಲ್ಲಿನ ಮೆಂಟೆನೆನ್ಸ್ ಕೆಲಸ, 19 ವರ್ಷ ಆಯಿತು. ನಮ್ಮ ಆಟಿ ತಿಂಗಳಿಗೆ ಇವರು ಆಡಿ ಅನ್ನುತ್ತಾರೆ. ತಿಂಗಳೂ ಒಂದೇ, ಮುಂಗಾರೂ ಒಂದೇ. ಆದರೆ ನಮ್ಮಲ್ಲಿ ಅದು ಮಳೆ, ಇಲ್ಲಿ ಗಾಳಿ. ಪಾಲಕ್ಕಾಡಿನ ಹತ್ತಿರ ಸಹ್ಯಾದ್ರಿ ಸಾಲು ಸುಮಾರು 30 ಕಿಲೋಮೀಟರ್ ಅಗಲ ಬಾಯಿ ಬಿಟ್ಟುಕೊಂಡಿದೆ. ಆ ಕಂಡಿಯಲ್ಲಿ ನುಗ್ಗಿದ ಗಾಳಿ ನಮ್ಮ ಮಿಲ್ಲಿನ ಶೀಟುಗಳನ್ನು ಮೂರು ತಿಂಗಳು ಬಡಿಯುತ್ತದೆ. ‘ಆಡಿ ಕಾತ್ತಿಲ್ ಅಮ್ಮಿಯುಂ ಪರಕ್ಕುಂ’ ಅನ್ನುತ್ತಾರೆ ಇಲ್ಲಿಯವರು. ಆಡಿಯ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದಂತೆ. ನಮ್ಮ ಕೊಟ್ಟಿಗೆಯ ಹಂಚು ಯಾವ ಲೆಕ್ಕ?

ಹಾಗಂತ ಗಾದೆ ನಂಬಿಕೊಂಡು ಇಲ್ಲಿ ಯಾರೂ ದುಡ್ಡು ಸುರಿದಿಲ್ಲ. ತಮಿಳುನಾಡಿನ ಮೊದಲ ಗಾಳಿಯಂತ್ರಗಳು 1986ರಲ್ಲಿ ತೂತುಕುಡಿ ಕಡೆ ನಿಂತವು. ಆಮೇಲೆ ಮುಪ್ಪಂದಲ್, ಪಲ್ಲಡಂ, ನಮ್ಮ ಉಡುಮಲಪೇಟೆ. ಮಿಲ್ಲಿನವರು ತಮ್ಮ ಕರೆಂಟಿಗೆ ತಾವೇ ನಿಲ್ಲಿಸಿಕೊಂಡರು. ಮೊದಲು ಗಾಳಿ ಅಳೆದರು, ಆಮೇಲೆ ಜಾಗ ಕೊಂಡರು. ನಾನು ಸೇರಿದ ವರ್ಷ ಒಂದು ಬೆಳಿಗ್ಗೆ ಟೀ ಅಂಗಡಿ ಮುಂದೆ ನಿಂತಿದ್ದಾಗ ನಮ್ಮ ಫೋರ್‌ಮನ್ ದೂರದ ಕಾತ್ತಾಡಿಯನ್ನು (ಗಾಳಿಯಂತ್ರಕ್ಕೆ ಇಲ್ಲಿಯವರ ಹೆಸರು) ನೋಡಿ ‘ಇವತ್ತು ಏಳು’ ಅಂದರು. ಏಳು ಅಂದರೆ ಸೆಕೆಂಡಿಗೆ 7 ಮೀಟರ್. ಒಳಗೆ ಹೋಗಿ ಸ್ಕ್ರೀನ್ ನೋಡಿದರೆ 6.8. ನಮ್ಮ ಕಡೆಯ ಹಿರಿಯರು ಮೋಡ ನೋಡಿ ಸೆಂಟು ಹೇಳುತ್ತಾರಲ್ಲ, ಹಾಗೆ.

ಗಾಳಿಯ ಮಗ್ಗಿ ಹೇಳಿಕೊಟ್ಟದ್ದೂ ಅವರೇ. ಗಾಳಿ ಎರಡು ಪಟ್ಟಾದರೆ ಕರೆಂಟ್ ಎಂಟು ಪಟ್ಟು. ಗಾಳಿ ಅರ್ಧಕ್ಕಿಳಿದರೆ ಕರೆಂಟ್ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಇದನ್ನು ಮಾರುವವರು ಹೇಳುವುದಿಲ್ಲ. ಅಣ್ಣನ ಕಾಗದದ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ‘12 ಮೀಟರ್ ಗಾಳಿಯಲ್ಲಿ’ ಅಂತ ಇತ್ತು. ಅಂದರೆ ಆ 1 ಕಿಲೋವ್ಯಾಟ್ ಸಿಗುವುದು ಸೆಕೆಂಡಿಗೆ 12 ಮೀಟರ್ ಗಾಳಿ ಬೀಸಿದರೆ. ಬಸ್ಸಿನಲ್ಲಿ ಕೂತು ಟಿಕೆಟಿನ ಹಿಂದೆ ಲೆಕ್ಕ ಹಾಕಿದೆ. ಮರ ಮುಚ್ಚಿದ ನಮ್ಮ ಮನೆ ಹತ್ತಿರ 4 ಮೀಟರ್ ಗಾಳಿ ಸಿಕ್ಕಿದರೆ ಪುಣ್ಯ. ಮೂರರಲ್ಲಿ ಒಂದು ಗಾಳಿ, ಅಂದರೆ 27ರಲ್ಲಿ ಒಂದು ಪಾಲು ಕರೆಂಟ್. (ದಿಂಬಂ ಘಾಟಿಯ ತಿರುವುಗಳೂ 27, ಅದಕ್ಕೇ ಮರೆತಿಲ್ಲ.) 1000 ವ್ಯಾಟ್ ಅಂತ ಬರೆದ ಮೆಷಿನ್ನು ಕೊಡುವುದು 37 ವ್ಯಾಟ್. ನಾಲ್ಕು ಎಲ್‌ಇಡಿ ಬಲ್ಬು. ಆ ಗಾಳಿ ಹಗಲು ರಾತ್ರಿ ನಿಲ್ಲದೆ ಬೀಸಿದರೂ ದಿನಕ್ಕೆ ಒಂದು ಯೂನಿಟ್ ತುಂಬುವುದಿಲ್ಲ.

ಫೋನಿನಲ್ಲಿ ಇಷ್ಟು ಹೇಳಿದ್ದಕ್ಕೆ ಅಣ್ಣ, ‘ಇವರದ್ದು ಸ್ಪೆಷಲ್ ಡಿಸೈನ್ ಅಂತೆ, ಸಣ್ಣ ಗಾಳಿಗೂ ಸುತ್ತುತ್ತದಂತೆ’ ಅಂದ. ಸುತ್ತುವುದು ಬೇರೆ, ಬ್ಯಾಟರಿ ತುಂಬುವುದು ಬೇರೆ ಮಾರಾಯ. ಗಾಳಿಯಲ್ಲಿರುವ ಶಕ್ತಿಯಲ್ಲಿ 100ಕ್ಕೆ 59ಕ್ಕಿಂತ ಜಾಸ್ತಿ ಯಾವ ರೆಕ್ಕೆಗೂ ದಕ್ಕುವುದಿಲ್ಲ ಅಂತ ಜರ್ಮನಿಯ ವಿಜ್ಞಾನಿ ಬೆಟ್ಸ್ ನೂರು ವರ್ಷದ ಹಿಂದೆಯೇ ಲೆಕ್ಕ ಹಾಕಿ ತೋರಿಸಿದ್ದಾನೆ. ಸಣ್ಣ ಮೆಷಿನ್ನುಗಳು ಅದರ ಅರ್ಧ ಹಿಡಿದರೆ ದೊಡ್ಡದು. ಕಿಲೋವ್ಯಾಟ್ ಕೇಳಬೇಡ, ರೆಕ್ಕೆ ಈ ತುದಿಯಿಂದ ಆ ತುದಿಗೆ ಎಷ್ಟು ಅಂತ ಕೇಳು. ನಮ್ಮ ಗಾಳಿಗೆ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆಸಿಕೋ. ಎಲ್ಲಿ ಪರೀಕ್ಷೆ ಆಗಿದೆ ಅಂತಲೂ ಕೇಳು. ಕೇಂದ್ರ ಸರ್ಕಾರದ ಪವನ ಶಕ್ತಿ ಸಂಸ್ಥೆ ಚೆನ್ನೈನಲ್ಲಿದೆ, ಸಣ್ಣ ಮೆಷಿನ್ನುಗಳನ್ನೂ ಕಯತ್ತಾರಿನಲ್ಲಿ ನಿಲ್ಲಿಸಿ ನೋಡುತ್ತಾರೆ. ಬ್ಯಾಟರಿ ತುಂಬಿದ ಮೇಲೆ ಹೆಚ್ಚಿನ ಕರೆಂಟ್ ಎಲ್ಲಿಗೆ ಹೋಗುತ್ತದೆ ಅಂತ ಕೇಳಲು ಮರೆಯಬೇಡ. ಸೋಲಾರಿನ ಹಾಗೆ ತಂತಿ ಬಿಚ್ಚಿ ಸುಮ್ನೆ ಕೂರಲು ಆಗುವುದಿಲ್ಲ. ಭಾರ ತಪ್ಪಿದ ರೆಕ್ಕೆ ಹುಚ್ಚು ಹಿಡಿದಂತೆ ಸುತ್ತುತ್ತದೆ.

ಅಣ್ಣ ಇದಕ್ಕೆಲ್ಲ ಹೂಂ ಅಂದ. ಕೊನೆಗೆ ಹೇಳಿದ್ದು: ‘ಆದರೂ ಮೇಲಿನ ಮನೆಯ ಭಾವ ಹಾಕಿಸಿದ್ದಾರಲ್ಲ?’

ಇದೇ ನನಗೆ ತಡೆಯುವುದಿಲ್ಲ. ನಮ್ಮೂರಿನಲ್ಲಿ ಎಂತ ಕೊಳ್ಳುವುದಿದ್ದರೂ ಯಾರ ಮನೆಯಲ್ಲಿ ಉಂಟು ಅಂತಲೇ ಮೊದಲು ನೋಡುವುದು. ಭಾವನ ಮನೆ ಬೋಳು ಗುಡ್ಡದ ತಲೆಯ ಮೇಲೆ. ಅಲ್ಲಿಯ ಮರಗಳು ಒಂದೇ ಕಡೆಗೆ ಬಾಗಿ ಬೆಳೆದಿವೆ, ಅಲ್ಲಿ ವರ್ಷವಿಡೀ ಗಾಳಿ ಏನು ಮಾಡುತ್ತದೆ ಅಂತ ಅವೇ ಹೇಳುತ್ತವೆ. ನಮ್ಮದು ಹಳ್ಳದ ಮಗ್ಗುಲು. ಸುತ್ತ 80 ಅಡಿಯ ಸಿಲ್ವರ್ ಓಕ್, ಮಧ್ಯೆ ಹಂಚಿನ ಮಾಡು. ಆ ಮಾಡಿನ ಮೇಲೆ ಗಾಳಿ ಬೀಸುವುದಿಲ್ಲ, ಸುಳಿಯುತ್ತದೆ. ಸುಳಿಗಾಳಿಗೆ ಸಿಕ್ಕಿದ ರೆಕ್ಕೆ ದಿಕ್ಕು ಹುಡುಕುವುದರಲ್ಲೇ ಸವೆಯುತ್ತದೆ. ಅದರ ನಡುಕ ಹಂಚು ಹೊತ್ತ ಪಕ್ಕಾಸಿಗೆ ಇಳಿದು ಹಂಚು ಒಂದೊಂದಾಗಿ ಜಾರುತ್ತದೆ. ಬಲ್ಲವರ ಲೆಕ್ಕದಲ್ಲಿ, ಸುತ್ತ 500 ಅಡಿಯೊಳಗೆ ಏನೇ ಇರಲಿ, ರೆಕ್ಕೆಯ ಕೆಳತುದಿ ಅದಕ್ಕಿಂತ 30 ಅಡಿ ಮೇಲಿರಬೇಕು. ಅಂದರೆ ನಮಗೆ 110 ಅಡಿಗೂ ಎತ್ತರದ ಕಂಬ. ಮೆಷಿನ್ನಿಗಿಂತ ಕಂಬವೇ ದುಬಾರಿ. ಅದನ್ನು ನಾಲ್ಕು ಕಡೆಯಿಂದ ತಂತಿ ಎಳೆದು ಕಟ್ಟಬೇಕು. ಹಲಸು ಹಣ್ಣಾಗುವಾಗ ರಾತ್ರಿ ಬರುವ ಆನೆಗೆ ಆ ತಂತಿ ಕಾಣ್ತದಾ ಅಂತ ಕೇಳಿದೆ. ‘ಕಂಬ ಹೋದರೆ ಹೋಗಲಿ, ನಾನು ಉಳಿದರೆ ಸಾಕು’ ಅಂದ ಅಣ್ಣ.

ಅಣ್ಣನ ಮಗ ಮೊಬೈಲಿನಲ್ಲಿ ಗಾಳಿಯ ನಕಾಶೆ ಕಳಿಸಿದ. ಅದು 100, 120 ಮೀಟರ್ ಎತ್ತರದ ಗಾಳಿ, ದೊಡ್ಡ ಕಂಪನಿಗಳಿಗೆ. ನಮ್ಮ ಮಾಡಿಗೂ ಅದಕ್ಕೂ ಸಂಬಂಧ ಇಲ್ಲ.

ಇನ್ನು ಒಂದು ವಿಷಯ. ಇಷ್ಟು ದಿನ ಅಣ್ಣನಿಗೆ ಇದನ್ನು ಹೇಳಿರಲಿಲ್ಲ. ಗಾಳಿಯ ಲೆಕ್ಕ ಬಲ್ಲ ಈ ಊರಿನಲ್ಲಿ, ನಮ್ಮ ಬೀದಿಯ ಒಂದು ಮನೆಯ ಮೇಲೂ ಕಾತ್ತಾಡಿ ಇಲ್ಲ. ಫೋರ್‌ಮನ್ ಮನೆ ಮೇಲೆ ಇರುವುದು ಸೋಲಾರ್. ಯಾಕೆ ಅಂತ ಕೇಳಿದ್ದಕ್ಕೆ, ‘ಕಾತ್ತಾಡಿ ಮಿಲ್ಲುಕ್ಕು ಸಾರ್, ವೀಟ್ಟುಕ್ಕು ಇಲ್ಲೆ’ ಅಂದರು. ಕಾತ್ತಾಡಿ ಮಿಲ್ಲಿಗೆ, ಮನೆಗಲ್ಲ. ನನ್ನ ಮನೆಯಲ್ಲೂ ಒಂದು ಇನ್ವರ್ಟರು, 150 ಆಂಪಿಯರ್ ಅವರ್‌ನ ಒಂದು ಬ್ಯಾಟರಿ, ಅಷ್ಟೇ. ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸದೆ ಬಳಸಿದರೆ ಒಂದು ಯೂನಿಟ್ಟೂ ಸಿಗುವುದಿಲ್ಲ. ಸಾಲುತ್ತದೆ, ಯಾಕೆಂದರೆ ಇಲ್ಲಿ ಕರೆಂಟ್ ಹೋಗುವುದು ಒಂದು ಗಂಟೆ. ನಾಲ್ಕು ದಿನ ಕತ್ತಲೆಯಲ್ಲಿ ಕೂತವನಿಗೆ ಆ ಕಡೆಯಿಂದ ಲೆಕ್ಕ ಹೇಳುವುದು ಸುಲಭ, ಅಲ್ವಾ? ಮೂರು ತಿಂಗಳು ಬಟ್ಟೆಯನ್ನೇ ಒಲೆಯ ಮೇಲೆ ಒಣಗಿಸುವ ಮನೆಗೆ ಸೋಲಾರ್ ಹಾಕಿಸು ಅಂತ ಯಾವ ಬಾಯಲ್ಲಿ ಹೇಳಲಿ? ಬಿಸಿಲು ಇಲ್ಲದ ಹೊತ್ತಿಗೆ ಗಾಳಿ ಉಂಟು ಅನ್ನುವ ಅಣ್ಣನ ಯೋಚನೆ ತಪ್ಪೇನಲ್ಲ.

ಅವತ್ತು ರಾತ್ರಿ ಅಮ್ಮ ಹೇಳಿದ ಮಾತನ್ನೂ ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ‘ಗಾಳಿ ಎಂತಕ್ಕೆ? ತೋಡಿನ ನೀರು ಸುಮ್ನೆ ಹೋಗ್ತಾ ಉಂಟಲ್ಲ.’ ಹಂಚು ಬಿದ್ದ ಅದೇ ತೋಡು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ, ಮಲೆನಾಡಿನಲ್ಲೂ, ತೋಡಿಗೆ ಪೈಪ್ ಹಾಕಿ ಪಿಕೋ ಹೈಡ್ರೋ ಅನ್ನುವ ಸಣ್ಣ ಟರ್ಬೈನ್ ಕೂರಿಸಿದ್ದಾರೆ. ಸೆಕೆಂಡಿಗೆ 10 ಲೀಟರ್ ನೀರು 20 ಮೀಟರ್ ಇಳಿದರೆ, ಅರ್ಧ ಪೋಲಾದರೂ ಹತ್ತಿರ ಹತ್ತಿರ 1000 ವ್ಯಾಟ್. ಅದೂ ರಾತ್ರಿ ಹಗಲು. ಮಳೆ ಜಾಸ್ತಿಯಾದಷ್ಟೂ ಒಳ್ಳೆಯದೇ. 19 ವರ್ಷ ಕಾತ್ತಾಡಿ ನೋಡಿ ನೋಡಿ ನನಗೇ ತೋಡು ಮರೆತುಹೋಗಿತ್ತು.

ಆದರೂ ಹಟಕ್ಕೆ ಬಿದ್ದು ಗಾಳಿ ಅಳೆಯುವ ಒಂದು ಸಣ್ಣ ಮೀಟರ್ ಕೊರಿಯರ್ ಮಾಡಿದೆ. ಮೂರು ಬಟ್ಟಲಿನದ್ದು. ಮರಕಸಿ ಮಾಡುವ, ಅಂದರೆ ನೆರಳುಮರದ ಕೊಂಬೆ ಕಡಿಯುವ ಹುಡುಗನನ್ನು ಹತ್ತಿಸಿ ಅಣ್ಣ ಅದನ್ನು ಸಿಲ್ವರ್ ಓಕಿನ ತುದಿಗೆ ಕಟ್ಟಿಸಿದ. ಮಳೆ ಪುಸ್ತಕದಲ್ಲೇ ಇನ್ನೊಂದು ಗೆರೆ ಎಳೆದು ಬರೆಯುತ್ತಿದ್ದಾನಂತೆ. ಮೊನ್ನೆ ಫೋನ್ ಬಂತು. ‘ಇವತ್ತು ಮಳೆ 00. ಗಾಳಿ 1-60.’

‘ಅಡ್ವಾನ್ಸ್ ವಾಪಸ್ ಕೇಳಿದೆಯಾ?’ ಅಂದೆ.

‘ಅವರು ಫೋನ್ ಎತ್ತುತ್ತಿಲ್ಲ. ನೀನು ಹುತ್ತರಿ ಹಬ್ಬಕ್ಕೆ ಬರುವಾಗ ಒಂದು ಒಳ್ಳೆ ಬಕೆಟ್ ಹಿಡ್ಕೊಂಡು ಬಾ. ತೋಡಿಗೆ ಪೈಪ್ ಇಟ್ಟು, ತುಂಬಲು ಎಷ್ಟು ಸೆಕೆಂಡ್ ಬೇಕು ಅಂತ ನೋಡುವ.’